ಪದಕವನ್ನು ತಲೆಕೆಳಗು ಮಾಡಿ ನೋಡುವ ವಾಲ್ಬುರ್ಗಾ

ಔಗ್ಸ್‌ಬರ್ಗಿನ ಗಂಟೆಗಳು ಇನ್ನೂ ಬಾಯಿ ತೆರೆದಿಲ್ಲ. ಪದಕದ ಅಚ್ಚು ಕೆತ್ತುವ ಯೆರೆಮಿಯಾಸರ ಕಾರ್ಖಾನೆಯಲ್ಲಿ ಆಗಲೇ ಸೀಸ ಕರಗುತ್ತಿದೆ. ಐವತ್ತೆಂಟರ ವಾಲ್ಬುರ್ಗಾ ಅದನ್ನು ಕಾಗದದ ಮೇಲೆ ಸುರಿದು, ಗಟ್ಟಿಯಾಗುವ ಮೊದಲೇ ಉಕ್ಕಿನ ಅಚ್ಚನ್ನು ಒತ್ತುತ್ತಾರೆ. ಮೂಡಿದ ನಕಲನ್ನು ಬೆಳಕಿಗೆ ಹಿಡಿದು, ಮೊದಲು ತಲೆಕೆಳಗು ಮಾಡಿ ನೋಡುತ್ತಾರೆ.

"ನಮ್ಮೂರಲ್ಲಿ ಪದಕಾನ ನೆಟ್ಟಗೆ ನೋಡೋರು ಯಾರಿದ್ದಾರೆ ಹೇಳಿ?" ಎಂದು ಅವರ ಕೆಲಸ ನೋಡಲು ಬಂದ ನನ್ನನ್ನೇ ಕೇಳುತ್ತಾರೆ.

ಮಾತು ಸುಳ್ಳಲ್ಲ. ನೆಟ್ಟಗೆ ಹಿಡಿದರೆ ಪೋಪ್, ತಿರುಗಿಸಿದರೆ ಕೋಡಿನ ಸೈತಾನ. ಅಂಥ ಪದಕಗಳನ್ನು ಕಿಸೆಯಲ್ಲಿಟ್ಟುಕೊಂಡು ಬೆಳೆದವರು ನಾವು, ಲೂಥರನ ಕಡೆಯವರು. ಕ್ಯಾಥೊಲಿಕರೇನು ಕಡಿಮೆ? ನಮ್ಮ ಪಾದ್ರಿಗೆ ಕತ್ತೆಕಿವಿ ಮೂಡುವ ಪದಕ ಅವರ ಕಿಸೆಯಲ್ಲಿತ್ತು. ವಾಲ್ಬುರ್ಗಾ ಕ್ಯಾಥೊಲಿಕ್, ಕಾರ್ಖಾನೆಯ ಯಜಮಾನ ಯೆರೆಮಿಯಾಸರು ನಮ್ಮವರು.

"ಬೆಳಿಗ್ಗೆ ನಮ್ಮೋರಿಗೆ ಕೋಡು, ಮಧ್ಯಾಹ್ನ ನಿಮ್ಮೋರಿಗೆ ಕಿವಿ. ದಿನಕ್ಕೆ ನಲವತ್ತು ನಕಲು ಒತ್ತಿದೀನಿ. ಪಾದ್ರಿಗಳ ಹತ್ರ ತಪ್ಪೊಪ್ಕೊಳ್ಳೋಕೆ ಹೋದ್ರೆ, 'ಈ ವಾರ ಎಷ್ಟು ಕೋಡಮ್ಮ?' ಅಂತ ಅವರೇ ಕೇಳೋರು!"

ನಗುವ ಈ ಹೆಂಗಸು ಪಟ್ಟ ಪಾಡು ಕಡಿಮೆಯದಲ್ಲ. ಎರಡು ಪಂಥಗಳ ನಡುವಿನ ಮೂವತ್ತು ವರ್ಷದ ಯುದ್ಧ ಗಂಡನನ್ನು ನುಂಗಿತು. ಮುತ್ತಿಗೆಯ ಚಳಿಗಾಲದಲ್ಲಿ ಮನೆಯ ಬೆಕ್ಕನ್ನು ಬೇಯಿಸಿ ತಿಂದದ್ದನ್ನೂ ಅವರು ಮುಚ್ಚಿಡುವುದಿಲ್ಲ.

ಈಗ ಶಾಂತಿ ಬಂದಿದೆ. ಅದರ ನೆನಪಿಗೆ ನಗರಸಭೆ ಒಂದು ಪದಕ ಮಾಡಿಸುತ್ತಿದೆ: ತಬ್ಬಿಕೊಂಡು ನಿಂತ ಇಬ್ಬರು ಹೆಂಗಸರು. ಎರಡೂ ಪಂಥದ ಒಬ್ಬೊಬ್ಬ ಸದಸ್ಯರು ಒಪ್ಪಬೇಕು. ಒಬ್ಬರಿಗೆ ಕುಹಕ ಕಂಡರೂ ಪದಕವೇ ಇಲ್ಲ.

ಕಳೆದ ಮಂಗಳವಾರ ನಕಲು ತಿರುಗಿಸಿದ ವಾಲ್ಬುರ್ಗಾ ಹೌಹಾರಿದರು. ಲಂಗದಂಚಿನ ಎರಡು ಮೊನೆಗಳು ಕೋಡಾಗಿದ್ದವು, ನಡುವಿನ ನಿರಿಗೆ ಗಡ್ಡದ ಮುಖವಾಗಿತ್ತು.

"ಯಜಮಾನ್ರೇ, ನಿಮ್ಮ ಕೈಗೆ ಹಳೇ ಚಾಳಿ ಬಿಟ್ಟಿಲ್ಲ!"

"ಅಯ್ಯೋ, ಬೇಕಂತ ಮಾಡಿದ್ದಲ್ಲ ಕಣಮ್ಮ!"

ಹುಟ್ಟುಗುಣ ಸುಟ್ಟರೂ ಹೋಗದು. ಉಕ್ಕಿನಲ್ಲಿ ಕೆತ್ತಿದ್ದನ್ನು ಅಳಿಸಲಾಗದು, ಇನ್ನಷ್ಟು ಕೆತ್ತಬಹುದು ಅಷ್ಟೆ. ದಾರಿ ತೋರಿಸಿದ್ದು ವಾಲ್ಬುರ್ಗಾ. "ಮೊನೆ ಸುತ್ತ ಆಲಿವ್ ಎಲೆ ಹಾಕಿ. ಸೈತಾನ ಪೊದೆಯೊಳಗೆ ಮುಳುಗ್ಲಿ."

ಇಂದು ಸದಸ್ಯರಿಬ್ಬರೂ ಬಂದಿದ್ದಾರೆ. ಹೊಸ ನಕಲು ಕೈಗೆ ಸಿಕ್ಕಿದ್ದೇ ತಡ, ಇಬ್ಬರೂ ಒಟ್ಟಿಗೆ ತಲೆಕೆಳಗು ಮಾಡುತ್ತಾರೆ. ಒಬ್ಬರನ್ನೊಬ್ಬರು ನೋಡಿ ನಾಚುತ್ತಾರೆ.

"ಬರೀ ಎಲೆ ಕಣ್ರೀ," ಎನ್ನುತ್ತಾರೆ ಕ್ಯಾಥೊಲಿಕ್ ಸದಸ್ಯರು.

"ನಾನೂ ಆಗ್ಲಿಂದ ಹುಡುಕ್ತಿದೀನಿ, ಏನೂ ಸಿಗ್ತಿಲ್ಲ!" ಎನ್ನುತ್ತಾರೆ ನಮ್ಮವರು.

ಕಾರ್ಖಾನೆಯೆಲ್ಲ ನಗುತ್ತದೆ. ಇಬ್ಬರೂ ಒಪ್ಪಿಗೆಯ ಮುದ್ರೆ ಒತ್ತುತ್ತಾರೆ. ನನಗಂತೂ ಸಂತೋಷಕ್ಕೆ ಕಣ್ಣು ತುಂಬಿತು.

ಪದಕದ ಅಂಚಿನಲ್ಲಿ ಯೆರೆಮಿಯಾಸರ ಹೆಸರು ಮಾತ್ರ ಇದೆ. ಬೇಸರವಿಲ್ಲವೇ ಎಂದು ಕೇಳಿದರೆ ವಾಲ್ಬುರ್ಗಾ ಕೈಯ ಮಸಿ ಒರೆಸಿಕೊಳ್ಳುತ್ತಾರೆ.

"ಹೆಸರು ಕಟ್ಕೊಂಡು ಏನಾಗ್ಬೇಕು? ಮುಂದೆ ಹುಟ್ಟೋ ಮಕ್ಕಳ ಕೈಗೆ ಪದಕ ಕೊಟ್ರೆ ಅವು ತಿರುಗಿಸಿ ನೋಡ್ಬಾರ್ದು, ಅಷ್ಟೇ ಆಸೆ. ಆಗ ನನ್ನ ಕೆಲಸ ಹೋದ್ರೂ ಹೋಗ್ಲಿ ಬಿಡಿ."