ನಲವತ್ತು ಸೆಕೆಂಡು ತಡ

ಮೂವತ್ತಮೂರು ವರ್ಷ ದೈಹಿಕ ಶಿಕ್ಷಕಿಯಾಗಿದ್ದೆ. ಅಷ್ಟೂ ವರ್ಷಗಳಲ್ಲಿ ಒಂದು ದಿನವೂ ಪ್ರಾರ್ಥನೆಗೆ ತಡವಾಗಿ ಹೋದವಳಲ್ಲ. ನನ್ನ ಸೀಟಿ ಕೇಳಿ ಸಿಂದಗಿಯ ನಮ್ಮ ಓಣಿಯವರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದರೆ ಜಂಬವಾದೀತು. ಆದರೆ ಶಾಲೆಯ ಎದುರಿನ ಕಿರಾಣಿ ಅಂಗಡಿಯವರೊಬ್ಬರು ಮಾಡಿಕೊಳ್ಳುತ್ತಿದ್ದದ್ದು ನಿಜ. ಅಂಥ ನಾನು ಈಗ ದಿನಾಲು ಬೆಳಿಗ್ಗೆ ನಲವತ್ತು ಸೆಕೆಂಡು ತಡವಾಗಿ ಬದುಕುತ್ತಿದ್ದೇನೆ. ಅದೂ ಗೊತ್ತಿದ್ದೂ, ನೆಮ್ಮದಿಯಿಂದ. ಇದು ಹೇಗಾಯಿತೆಂದು ಹೇಳಬೇಕಾದರೆ ಹಸೀನಾಳಿಂದ ಶುರುಮಾಡಬೇಕು.

ನಾನೂ ಹಸೀನಾಳೂ ವಿಜಯಪುರದಲ್ಲಿ ಕಾಲೇಜು ಓದುವಾಗ ಒಂದೇ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದವರು. ಅವಳು ನಾಲತವಾಡದವಳು, ನಾನು ಲಚ್ಯಾಣದವಳು. ಎರಡೂ ಊರಿನಲ್ಲಿ ಆಗ ಬುಟ್ಟಿ ಅಂದರೆ ರೊಟ್ಟಿ ಇಡುವುದಕ್ಕೆ, ಚೆಂಡು ಹಾಕುವುದಕ್ಕಲ್ಲ. ಕಾಲೇಜಿನ ಅಂಗಳ ಬರೀ ಮಣ್ಣು. ಕಂಬಕ್ಕೆ ಕಬ್ಬಿಣದ ರಿಂಗು ಇತ್ತು, ರಿಂಗಿಗೆ ಬಲೆ ಇರಲಿಲ್ಲ. ಬಲೆ ಇಲ್ಲದಿದ್ದರೆ ಚೆಂಡು ರಿಂಗಿನ ಒಳಗಿಂದ ಬಿತ್ತೋ ಹೊರಗಿಂದ ಹೋಯಿತೋ ದೂರದಲ್ಲಿದ್ದವರಿಗೆ ತಿಳಿಯುವುದಿಲ್ಲ. ನನಗಂತೂ ಆಗಲೇ ಕಣ್ಣು ಮಂದ, ಕನ್ನಡಕ ಹಾಕಿಕೊಂಡು ಆಡಲು ನಾಚಿಕೆ. ನಾನು ದೂರದಿಂದ ಅಂದಾಜಿನ ಮೇಲೆ ಎಸೆಯುತ್ತಿದ್ದೆ. ರಿಂಗಿನ ಕೆಳಗೆ ನಿಂತ ಹಸೀನಾ ಕೈಯೆತ್ತಿ "ಬಿತ್ತು!" ಎನ್ನುತ್ತಿದ್ದಳು. ಅವಳು ಬಿತ್ತು ಎಂದರೆ ಬಿತ್ತು. ಬೀಳದಿದ್ದರೆ, ನಮ್ಮ ತಂಡ ಸೋಲುವ ಹೊತ್ತಿನಲ್ಲೂ, "ಇಲ್ಲ" ಎಂದುಬಿಡುತ್ತಿದ್ದಳು. ಎದುರು ತಂಡದವರು ಕೂಡ ಅಂಪೈರಿನ ಮುಖ ನೋಡದೆ ಅವಳ ಮುಖ ನೋಡುತ್ತಿದ್ದರು.

ಮುಂದೆ ಇಬ್ಬರೂ ದೈಹಿಕ ಶಿಕ್ಷಕಿಯರಾದೆವು. ಅವಳು ಮುದ್ದೇಬಿಹಾಳದಲ್ಲಿ, ನಾನು ಮೊದಲು ಇಂಡಿಯಲ್ಲಿ, ಆಮೇಲೆ ಸಿಂದಗಿಯಲ್ಲಿ. ಇಂಡಿಯಲ್ಲಿದ್ದಾಗ ಒಮ್ಮೆ ಹುಡುಗಿಯರನ್ನು ಸಾಲೋಟಗಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಹಳೆಯ ಶಾಸನದ ವಿಷಯವನ್ನು ಇತಿಹಾಸದ ಮಾಸ್ತರರು ಬಹಳ ಚೆನ್ನಾಗಿ ಹೇಳಿದರು. ಸಾವಿರ ವರ್ಷದ ಹಿಂದೆ ಅಲ್ಲೊಂದು ವಿದ್ಯಾಶಾಲೆ ಇತ್ತಂತೆ. ಓದುವವರ ವಸತಿಗೆ ಭೂಮಿ, ದೀಪಕ್ಕೆ ಭೂಮಿ, ಹೀಗೆ ಎಲ್ಲಕ್ಕೂ ದತ್ತಿ ಬಿಟ್ಟಿದ್ದರಂತೆ. "ಆಟದ ಮೈದಾನಕ್ಕ ಏನ್ ಬಿಟ್ಟಾರ್ರಿ?" ಎಂದು ಕೇಳಿದೆ. ಮಾಸ್ತರರು ನಕ್ಕು, "ಅದೊಂದ ಬಿಟ್ಟಿಲ್ರಿ ಅಕ್ಕೋರ" ಎಂದರು. ನಮ್ಮ ಪೀರಿಯಡ್ಡಿಗೆ ಆಗಲೂ ಯಾರೂ ಏನೂ ಬಿಟ್ಟಿರಲಿಲ್ಲವೆಂದು ಅಂದು ಖಾತ್ರಿಯಾಯಿತು.

ಕೇಬಲ್ ಟಿವಿಯಲ್ಲೂ ಬಾಸ್ಕೆಟ್‌ಬಾಲಿಗೆ ಅದೇ ಗತಿ. ನೂರಾರು ಚಾನೆಲ್ಲುಗಳಲ್ಲಿ ಧಾರಾವಾಹಿ, ಜ್ಯೋತಿಷ್ಯ, ಕ್ರಿಕೆಟ್ಟು, ಕಬಡ್ಡಿ ಎಲ್ಲ ಇದ್ದವು. ನಿವೃತ್ತಿಯಾದ ಮೇಲೆ ಅಮೆರಿಕದ ದೊಡ್ಡ ಆಟಗಾರರು ಆಡುವುದನ್ನು ನೇರವಾಗಿ ನೋಡಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು. ಕೇಬಲ್ಲಿನವನು ನನ್ನ ಹಳೆಯ ವಿದ್ಯಾರ್ಥಿ. ಕೇಳಿದರೆ, "ಅಕ್ಕೋರ, ಆ ಆಟ ಯಾರ್ ನೋಡ್ತಾರ್ರಿ? ಅಮೆರಿಕಾದ್ದ ಬೇಕಂದ್ರ ಕುಸ್ತಿ ಐತಿ. ಹಾಕ್ಸ್ಲೇನ್ರಿ?" ಎಂದ. ಶಾಲೆಯಲ್ಲಿದ್ದಾಗ ಮೈದಾನ ಎರಡು ಸುತ್ತು ಓಡಿಸಬಹುದಾಗಿತ್ತು. ಈಗ ಚಹಾ ಕೊಟ್ಟು ಕಳಿಸಿದೆ.

ಹಸೀನಾಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೂಡಲೇ, "ಲೇ ಶಾಂತಾ, ಆ ಕೇಬಲ್ ಕಿತ್ತ ಒಗಿ. ಮೊಬೈಲ್‌ದಾಗ ಲೈವ್ ಬರ್ತೈತಿ, ನಾ ದಿನಾ ನೋಡಾಕತ್ತೇನಿ" ಎಂದಳು. ಅಷ್ಟೇ ಅಲ್ಲ, ಅರ್ಧ ಗಂಟೆ ಫೋನಿನಲ್ಲೇ ನನಗೆ ಪಾಠ ಮಾಡಿದಳು.

"ಹಸಿರು ಗುಂಡಿ ಒತ್ತಿದೇನ?"

"ಇಲ್ಲಿ ಹಸಿರು ಇಲ್ಲ, ನೀಲಿ ಐತಿ."

"ಹಂಗಾರ ನೀಲಿ ಒತ್ತು. ಬಣ್ಣಕ್ಕೇನ್ ಜಗಳ?"

ಒತ್ತಿದೆ. ಅಂಗೈಯಷ್ಟಗಲದ ಪರದೆಯ ಮೇಲೆ ಹತ್ತು ಜನ ಎತ್ತರದ ಗಂಡಸರು ಓಡಾಡತೊಡಗಿದರು. ಅಷ್ಟು ಎತ್ತರದವರು ಅಷ್ಟು ಸಣ್ಣದರಲ್ಲಿ ಹಿಡಿಸಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ಮರುದಿನವೇ ಕೇಬಲ್ ತೆಗೆಸಿದೆ. ನಮ್ಮ ಮನೆಯವರು ಸುದ್ದಿ ಚಾನೆಲ್ ಇಲ್ಲದೆ ಹೇಗಿರುತ್ತಾರೋ ಎಂದು ಹೆದರಿದ್ದೆ. ಒಂದು ವಾರ ಕಳೆಯಿತು. ಆಮೇಲೆ, "ಮನ್ಯಾಗ ಒದರೋರು ಕಡಿಮಿ ಆದ್ರು, ಕಿವಿಗೆ ಹಿತ ಅನಸ್ತೈತಿ" ಎಂದರು.

ಈ ಆಟದ ದೊಡ್ಡ ಗುಣವೆಂದರೆ, ಅದು ನನ್ನ ವೇಳಾಪಟ್ಟಿಗೆ ಸರಿಯಾಗಿ ಕೂಡುತ್ತದೆ. ಅಲ್ಲಿಯವರು ಸಂಜೆ ಆಡಿದರೆ ನಮಗೆ ಬೆಳಿಗ್ಗೆ. ಐದಕ್ಕೆ ಏಳುವುದು, ಅರ್ಧ ಗಂಟೆ ನಡಿಗೆ, ಸ್ನಾನ, ಆರಕ್ಕೆ ಒಲೆಯ ಮುಂದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಗೆ ಮೊಬೈಲು ಒರಗಿಸಿ ಜೋಳದ ಹಿಟ್ಟು ನಾದುತ್ತೇನೆ. ಹನ್ನೆರಡು ನಿಮಿಷದ ಒಂದೊಂದು ಭಾಗಕ್ಕೆ ಮೂರು ರೊಟ್ಟಿಯಂತೆ ನಾಲ್ಕು ಭಾಗಕ್ಕೆ ಹನ್ನೆರಡು. ಕಲ್ಲಿನ ಮೇಲೆ ನಾನು ರೊಟ್ಟಿ ಬಡಿಯುವ ಸದ್ದೂ ಅವರು ನೆಲಕ್ಕೆ ಚೆಂಡು ಪುಟಿಸುವ ಸದ್ದೂ ಕೆಲವೊಮ್ಮೆ ಒಂದೇ ತಾಳಕ್ಕೆ ಬರುತ್ತವೆ. ಕೊನೆಯ ಭಾಗದ ರೊಟ್ಟಿಗಳು ಮಾತ್ರ ಸ್ವಲ್ಪ ಹೊತ್ತುತ್ತವೆ. "ಇವತ್ತ ರೊಟ್ಟಿಗೂ ಓವರ್‌ಟೈಮ್ ಆಗೈತೇನ?" ಎಂದು ನಮ್ಮ ಮನೆಯವರು ಕರಕು ಕೆರೆಯುತ್ತ ಕೇಳುತ್ತಾರೆ.

ಆಟದ ನಡುವೆ ಹಸೀನಾ ನನ್ನ ಇನ್ನೊಂದು ಫೋನಿಗೆ ಕರೆ ಮಾಡುತ್ತಿದ್ದಳು. ತೊಂದರೆ ಶುರುವಾದದ್ದು ಅಲ್ಲಿಂದ.

ಅವಳ ಮನೆಯಲ್ಲಿ ತಂತಿಯ ಇಂಟರ್‌ನೆಟ್ಟು, ಚಿತ್ರ ಬೇಗ ಬರುತ್ತದೆ. ನನ್ನದು ಮೊಬೈಲಿನ ಸಿಗ್ನಲ್ಲು, ಹಿಂದೆ ಬೀಳುತ್ತದೆ. ನನ್ನ ಪರದೆಯ ಮೇಲೆ ಆಟಗಾರ ಇನ್ನೂ ಚೆಂಡು ಹಿಡಿದು ಯೋಚಿಸುತ್ತಿರುವಾಗಲೇ ಫೋನು ಗುಣುಗುಟ್ಟುತ್ತಿತ್ತು: "ಬಿತ್ತಲೇ ಶಾಂತಾ, ಬಿತ್ತು!" ದೂರದ ಹಳ್ಳದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಕೈ ಕೆಳಗೆ ಬಂದದ್ದು ಮೊದಲು ಕಾಣುತ್ತದೆ, ಬಡಿದ ಸದ್ದು ಆಮೇಲೆ ಕೇಳುತ್ತದೆ. ನನ್ನ ಮನೆಯಲ್ಲಿ ಅದು ತಿರುವುಮುರುವು. ಸದ್ದು ಮೊದಲು, ಕೈ ಆಮೇಲೆ. ಓಟದ ಸ್ಪರ್ಧೆಗೆ ಬಳಸುತ್ತಿದ್ದ ಹಳೆಯ ಸ್ಟಾಪ್‌ವಾಚ್ ತೆಗೆದು ಮೂರು ದಿನ ಅಳೆದೆ. ನಲವತ್ತು ಸೆಕೆಂಡು. ಮೊಬೈಲನ್ನು ಕಿಟಕಿಗೆ ಒಯ್ದೆ, ಮಾಳಿಗೆಗೆ ಒಯ್ದೆ, ಹಿಟ್ಟಿನ ಕೈಯಲ್ಲೇ ಅಂಗಳದ ಬೇವಿನ ಗಿಡದ ಕೆಳಗೆ ನಿಂತೆ. ಮೂವತ್ತೆಂಟಕ್ಕೆ ಇಳಿಯಿತು, ಮತ್ತೆ ನಲವತ್ತಾಯಿತು.

ತಡವಾಗಿ ಬಂದ ಹುಡುಗಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿದವಳು ನಾನು. ನನ್ನನ್ನೇ ಯಾರೋ ದಿನಾಲು ಗೇಟಿನ ಹೊರಗೆ ನಿಲ್ಲಿಸಿದಂತಾಯಿತು. ಒಂದು ದಿನ, ಆಟ ಬಹಳ ಬಿಗಿಯಾಗಿದ್ದಾಗ, ಕೊನೆಯ ಎಸೆತ ನನ್ನ ಪರದೆಗೆ ಬರುವ ಮೊದಲೇ ಅವಳು ಹೇಳಿಬಿಟ್ಟಳು. ಮೈದಾನದ ದನಿಯಲ್ಲಿ ಹೇಳಿದೆ: "ಹಸೀನಾ, ಸಾಕು. ನಾಳಿಂದ ಫೋನ್ ಮಾಡಬ್ಯಾಡ."

"ಆತು ತಗೋ" ಎಂದು ಫೋನ್ ಇಟ್ಟಳು.

ಮೊದಲ ದಿನ ಬಹಳ ಹಾಯೆನಿಸಿತು. ಪ್ರತಿಯೊಂದು ಎಸೆತವೂ ಹೊಸದು. ಎರಡನೆಯ ದಿನ ಒಳ್ಳೆಯ ಆಟವಿತ್ತು. ಮುಗಿದ ಮೇಲೆ ಹೇಳಲು ಯಾರೂ ಇರಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ. "ಹೌದಾ? ಯಾರ್ ಔಟಾದ್ರು?" ಎಂದು ಕೇಳಿದರು. ಐದನೆಯ ದಿನದ ಹೊತ್ತಿಗೆ ನಾನು ಪರದೆ ನೋಡುವುದಕ್ಕಿಂತ ಫೋನು ಬರುತ್ತದೋ ಎಂದು ನೋಡುವುದೇ ಹೆಚ್ಚಾಯಿತು. ನಾನೇ ಮಾಡಬಹುದಾಗಿತ್ತು. ಆದರೆ ನಿಯಮ ನನ್ನದು. ಮಾಡಿದವಳೇ ಮುರಿಯುವುದು ಹೇಗೆ? ಶಿಸ್ತು ಎಂಬ ಹೆಸರಿನಲ್ಲಿ ಎಷ್ಟು ಹಟ ಅಡಗಿಸಿ ಇಡಬಹುದು ಎಂಬುದು ನಮ್ಮಂಥವರಿಗೆ ನಿವೃತ್ತಿಯಾದ ಮೇಲೆಯೇ ತಿಳಿಯುವುದು.

ಒಂಬತ್ತನೆಯ ದಿನ ರೊಟ್ಟಿ ಬಡಿಯುವಾಗ ಥಟ್ಟನೆ ನೆನಪಾಯಿತು. ಹಿಂದಿನ ತಿಂಗಳು ಹಸೀನಾ ಎದೆನೋವೆಂದು ವಿಜಯಪುರದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಬಂದಿದ್ದಳು. "ಏನಿಲ್ಲಲೇ, ಬರೇ ಗ್ಯಾಸ್" ಎಂದು ನಕ್ಕಿದ್ದಳು. ಆ ನಗು ಈಗ ಬೇರೆ ಥರ ಕೇಳಿಸಿತು. ಫೋನು ಕೈಗೆತ್ತಿಕೊಂಡೆ. ಅವಳ ಹೆಸರಿನ ಮೇಲೆ ಬೆರಳಿಟ್ಟೆ. ಬೇರೆ ಯಾರಾದರೂ ಎತ್ತಿಕೊಂಡು, ಬೇರೆ ಥರದ ದನಿಯಲ್ಲಿ "ಹೇಳ್ರಿ" ಎಂದರೆ? ಫೋನ್ ಕೆಳಗಿಟ್ಟೆ. ಅದಕ್ಕಿಂತ ಬಸ್ಸು ಹತ್ತುವುದು ಸುಲಭವೆನಿಸಿತು. ಮನೆಯವರಿಗೆ ಹೇಳಿದಾಗ, "ಫೋನ್ ಮಾಡಿದ್ರ ಎರಡ ನಿಮಿಷದ ಕೆಲಸ" ಎಂದರು. ನನ್ನ ಮುಖ ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟುಹೋದರು.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆ. ಅಲ್ಲಿಯ ಮೈದಾನದಲ್ಲೇ ಎಷ್ಟೋ ಸಲ ನಾವಿಬ್ಬರೂ ನಮ್ಮ ನಮ್ಮ ಹುಡುಗಿಯರನ್ನು ಎದುರುಬದುರು ಆಡಿಸಿದ್ದೆವು. ಮನಸ್ಸು ತಿರುಗಿಸಲೆಂದು ಮೊಬೈಲು ತೆಗೆದು ಆ ದಿನದ ಎರಡನೆಯ ಆಟ ಹಚ್ಚಿದೆ. ಕೆಂಪು ಅಂಗಿಯ ಆಟಗಾರನೊಬ್ಬ ಜಿಗಿದ. ಅಷ್ಟರಲ್ಲಿ ಸಿಗ್ನಲ್ಲು ಹೋಯಿತು. ಅವನು ಗಾಳಿಯಲ್ಲೇ ನಿಂತ, ಚೆಂಡು ಬೆರಳ ತುದಿಯಲ್ಲಿ. ಜೋಳದ ಹೊಲಗಳು ಹಿಂದೆ ಹೋದವು, ಊರುಗಳು ಬಂದು ಹೋದವು, ಅವನು ಇಳಿಯಲೇ ಇಲ್ಲ. ನೋಡಲಾರದೆ ಮೊಬೈಲು ಮುಚ್ಚಿ ಚೀಲದೊಳಗೆ ಇಟ್ಟೆ.

ಮುದ್ದೇಬಿಹಾಳದಲ್ಲಿ ಅವಳ ಓಣಿಗೆ ತಿರುಗುವಾಗ ಮೊದಲು ನೋಡಿದ್ದು ಮನೆಯ ಮುಂದೆ ಜನ ಸೇರಿದ್ದಾರೋ ಎಂದು. ಯಾರೂ ಇರಲಿಲ್ಲ. ಚಪ್ಪಲಿಗಳೂ ಎಣಿಸುವಷ್ಟೇ. ಬಾಗಿಲು ತೆರೆದೇ ಇತ್ತು. ಒಳಗೆ ಹಸೀನಾ ಚಾಪೆಯ ಮೇಲೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಮೊಬೈಲು ಎದುರಿಗೆ ಇತ್ತು. ತಲೆಯೆತ್ತಿ ನೋಡಿ, ಏನೂ ಆಗದವಳಂತೆ, "ಏ, ಬಾ ಬಾ. ಓವರ್‌ಟೈಮ್ ನಡದೈತಿ" ಎಂದಳು.

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಬಂದದ್ದು ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ. ಬಾಯಿಗೆ ಮಾತ್ರ ಸಿಟ್ಟೇ ಮೊದಲು ಬಂತು. "ಒಂಬತ್ತ ದಿನ ಆತು! ಬದುಕೀದೇನ ಸತ್ತೀದೇನ ಒಂದ ಫೋನ್ ಮಾಡಾಕ ಬರಂಗಿಲ್ಲೇನ ನಿನಗ?"

"ನೀನಽ ಬ್ಯಾಡಂದಿ."

"ನಾ ಅಂದ್ರ, ನೀ ಕೇಳ್ತೀಯೇನ? ನಲವತ್ತೈದು ವರ್ಷದಾಗ ಒಮ್ಮಿಯಾದರೂ ನನ್ನ ಮಾತ ಕೇಳೀಯೇನ?"

ಹಸೀನಾ ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ನೀ ಸೀಟಿ ಊದಿದಿ, ಆಟ ನಿಂತಿತು. ಸೀಟಿ ಊದಿದವರಽ ಚೆಂಡು ಕೈಗೆ ಕೊಡಬೇಕು, ಅಲ್ಲೀತನ ಆಟ ಶುರು ಆಗಂಗಿಲ್ಲ. ಹುಡುಗ್ಯಾರಿಗೆ ಇಷ್ಟ ವರ್ಷ ಏನ್ ಕಲಿಸಿದಿ? ನೀ ಯಾವಾಗ ಚೆಂಡು ಕೊಡ್ತಿ ಅಂತ ನಾ ಇಲ್ಲಿ ಕಾಯಾಕತ್ತೇನಿ."

ಅವಳ ಸೊಸೆ ರೇಷ್ಮಾ ನೀರು ತಂದುಕೊಟ್ಟು ನಕ್ಕಳು. "ದಿನಾ ಫೋನ್ ಬಾಜೂಕ ಇಟ್ಕೊಂಡ ಕುಂದರ್ತಾರ್ರಿ ಆಂಟಿ. ಶಾಂತಾ ಮಾಡ್ತಾಳ, ತಡಿ, ಮಾಡ್ತಾಳ ಅಂತಾರ. ನಾವು ಅಡಗಿಮನ್ಯಾಗ ಶರತ್ತ ಕಟ್ಟಿದ್ವಿ."

ನಿಯಮದ ಪ್ರಕಾರ ತಪ್ಪು ನನ್ನದೇ. ಅಂಪೈರು ಸೀಟಿ ಊದಿದ ಮೇಲೆ ಚೆಂಡು ಹಿಡಿದುಕೊಂಡು ಮನೆಗೆ ಹೋಗಬಾರದು. ಅವಳ ಪಕ್ಕದಲ್ಲಿ ಕೂತೆ. ಅಂದು ಇಬ್ಬರೂ ಒಂದೇ ಪರದೆ ನೋಡಿದೆವು, ಒಂದೇ ಕಾಲದಲ್ಲಿ, ತಡವಿಲ್ಲದೆ. ಕೊನೆಯ ಎಸೆತಕ್ಕೆ ಹಸೀನಾ ನನ್ನ ಮುಂಗೈ ಹಿಡಿದಳು. ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಬಿತ್ತು. "ಇಲ್ಲ" ಎಂದಳು, ಕಾಲೇಜಿನ ಅದೇ ದನಿಯಲ್ಲಿ. ಎದೆನೋವಿನ ವಿಷಯ ಕೇಳಿದೆ. ಗುಳಿಗೆ ತೋರಿಸಿದಳು, ಈ ಸಲ ಗ್ಯಾಸ್ ಎನ್ನಲಿಲ್ಲ. ಡಾಕ್ಟರು ದಿನಾ ನಡೆಯಬೇಕೆಂದಿದ್ದಾರೆ ಎಂದಳು. ಬೆಳಿಗ್ಗೆ ಐದೂವರೆಗೆ ಎಂದು ನಾನು ವೇಳೆ ಗೊತ್ತುಮಾಡಿದೆ. ಅದಕ್ಕೆ ಅವಳು ತಕರಾರು ಮಾಡಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಚೆಂಡು ಕೊಟ್ಟೆ. ಅಂದರೆ, "ನಾಳಿಂದ ಫೋನ್ ಮಾಡು" ಎಂದೆ.

"ಮೊದಲಽ ಹೇಳಿಬಿಡ್ತೇನಿ ನೋಡು."

"ಹೇಳು."

ಈಗ ನನ್ನ ಬೆಳಗು ಮತ್ತೆ ಮೊದಲಿನಂತಾಗಿದೆ. ಡಬ್ಬಿಗೆ ಒರಗಿದ ಮೊಬೈಲು, ಕಲ್ಲಿನ ಮೇಲೆ ರೊಟ್ಟಿ, ಒಲೆಯ ಮೇಲೆ ಹೆಂಚು. ಸ್ಟಾಪ್‌ವಾಚ್ ಕಪಾಟಿಗೆ ಹೋಗಿದೆ. ಫೋನು ಬರುತ್ತದೆ: "ಬಿತ್ತಲೇ!" ಪರದೆ ನೋಡುತ್ತೇನೆ. ಆಟಗಾರನ ಕೈಯಲ್ಲಿ ಚೆಂಡು ಇನ್ನೂ ಇದೆ. ಮೈದಾನದ ಅಷ್ಟೂ ಜನ ಉಸಿರು ಹಿಡಿದು ನಿಂತಿದ್ದಾರೆ, ಅವನ ಹಣೆಯ ಮೇಲೆ ಬೆವರು. ಪಾಪ, ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ನಾನು ಅವಸರವಿಲ್ಲದೆ ರೊಟ್ಟಿಗೆ ನೀರು ಸವರುತ್ತೇನೆ, ತಿರುವಿ ಹಾಕುತ್ತೇನೆ. ಇತ್ತೀಚೆಗೆ ಕೊನೆಯ ಭಾಗದ ರೊಟ್ಟಿಗಳೂ ಹೊತ್ತುವುದಿಲ್ಲ. ಚೆಂಡು ಅವನ ಕೈ ಬಿಟ್ಟು ಮೇಲೇರುತ್ತದೆ. ಅದು ಬೀಳುತ್ತದೆಯೋ ಇಲ್ಲವೋ ಎಂಬ ಚಿಂತೆ ನನಗಿಲ್ಲ. ಹಸೀನಾ ರಿಂಗಿನ ಕೆಳಗೆ ನಿಂತಿದ್ದಾಳೆ, ಆಗಲೇ ಕೈಯೆತ್ತಿದ್ದಾಳೆ.