ಉಪ್ಪಿನ ತಗ್ಗು

ಟಕ್. ಹಿತ್ತಾಳೆಯ ಪುಟ್ಟ ಮುಚ್ಚಳವೊಂದು ಕಳಚಿ ಬೀಳುವ ಸದ್ದು. ಅಫಜಲಪುರದಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ನನ್ನ ಮುಂದಿನ ಬೋರ್ಡಿನಲ್ಲಿ ಅವರ ನಂಬರಿನ ಮುಚ್ಚಳ ಹೀಗೆ ಬೀಳುತ್ತಿತ್ತು. ನಾನು ಆ ತೂತಿಗೆ ಪ್ಲಗ್ ತುರುಕಿ "ನಂಬರ್ ಪ್ಲೀಸ್" ಎನ್ನಬೇಕು. ಗುಲಬರ್ಗಾದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನ ನಾಲಿಗೆಯನ್ನು ತಿದ್ದಿ ತೀಡಿದ್ದೆಲ್ಲ ಕಡೆಗೆ ಉಪಯೋಗಕ್ಕೆ ಬಂದದ್ದು ಈ ಎರಡು ಶಬ್ದಕ್ಕೆ. ಆಚೆಯಿಂದ ಮಾತ್ರ "ಅಡತಿ ಅಂಗಡಿಗೆ ಹಚ್ಚವಾ ತಂಗಿ" ಎಂದು ಉತ್ತರ ಬರುತ್ತಿತ್ತು. ಆ ಊರಿನಲ್ಲಿ ನಂಬರು ಯಾರಿಗೂ ಬೇಕಿರಲಿಲ್ಲ, ನಾನು ಎಲ್ಲರನ್ನೂ ದನಿಯಿಂದಲೇ ಬಲ್ಲೆ.

ನಮ್ಮ ಎಕ್ಸ್‌ಚೇಂಜ್ ಇದ್ದದ್ದು ಗೌಡರ ಮನೆತನದ ಒಂದು ಹಳೆಯ ವಾಡೆಯ ಬಾಡಿಗೆ ಪಡಸಾಲೆಯಲ್ಲಿ. ವಾಡೆಯ ಒಡತಿಯನ್ನು ಊರೆಲ್ಲ ಗೌಡಶಾನಿ ಎನ್ನುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಣ್ಣೂರ ಕಡೆಯ ಹೊಲಗಳನ್ನು ಆಕೆಯೇ ನಿಂತು ಮಾಡಿಸುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ, ಆದರೆ ಆಳುಗಳು ಆಕೆಯ ಕೆಮ್ಮಿಗೇ ಎದ್ದು ನಿಲ್ಲುತ್ತಿದ್ದರು. ನಾನು ಅದೇ ವಾಡೆಯ ಹಿಂದಿನ ಕೋಣೆಯಲ್ಲಿದ್ದೆ. ಮದುವೆಯಾಗದ ಹೆಣ್ಣು ಒಬ್ಬಳೇ ಏನು ಅಡುಗೆ ಮಾಡಿಕೊಂಡಾಳು ಎಂದು ದಿನಾ ಒಂದು ಬಿಸಿ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ನನ್ನ ಬಾಗಿಲಿಗೆ ಬರುತ್ತಿತ್ತು. ಶೀ ವಾಸ್ ಕೈಂಡ್, ಇನ್ ಹರ್ ಓನ್ ವೇ. ಮುಖ ನೋಡಿ ಮಾತ್ರ ಅದನ್ನು ಹೇಳಲು ಆಗುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಬೋರ್ಡನ್ನು ತೆಗೆದು ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಸ್ವಿಚ್ ಕೂಡಿಸುವುದೆಂದು ಆರ್ಡರ್ ಬಂತು. ಗುಲಬರ್ಗಾದಿಂದ ಜೀಪಿನ ಹಿಂದೆ ಕಟ್ಟಿಕೊಂಡು ತಂದರು: ಆಳೆತ್ತರದ ಕಬ್ಬಿಣದ ರ್ಯಾಕು, ಅದರಲ್ಲಿ ಪುಸ್ತಕದಂತೆ ಸಾಲಾಗಿ ನಿಂತ ಕಾರ್ಡುಗಳು, ಜೊತೆಗೆ ಬ್ಯಾಟರಿಗಳು, ಬ್ಯಾಟರಿಗೆ ಕರೆಂಟು ತುಂಬುವ ಚಾರ್ಜರು. ಅದನ್ನು ಕೂಡಿಸಲು ಬಂದ ಮೆಕ್ಯಾನಿಕ್ ಜೇವರ್ಗಿ ತಾಲೂಕಿನ ನೆಲೋಗಿಯವರು, ಮುಸಲ್ಮಾನರು. ತೆಳ್ಳನೆಯ ಮನುಷ್ಯ. ಮೊದಲು ಭೂಮಿ, ಆಮೇಲೆ ಕರೆಂಟು ಎಂಬುದೊಂದೇ ಅವರ ಮಂತ್ರ. ರ್ಯಾಕಿನ ಮೈಯಿಂದ ಒಂದು ದಪ್ಪ ಅರ್ಥಿಂಗ್ ತಂತಿ ನೆಲದೊಳಗೆ ಹೋಗಿ ಗಟ್ಟಿಯಾಗಿ ಕೂತ ಮೇಲೆಯೇ ಮೇನ್ ಸ್ವಿಚ್ಚಿನ ಮಾತು.

ಅದಕ್ಕಾಗಿ ಹಿತ್ತಲಲ್ಲಿ ತಗ್ಗು ತೋಡಿಸಿದರು. ಬೇಸಿಗೆ, ಎರೆಮಣ್ಣು ಕೈ ತೂರುವಷ್ಟು ಬಿರಿದಿತ್ತು. ತಗ್ಗಿನ ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಲಿ, ಒಂದು ಪದರ ಹರಳುಪ್ಪು ಹೀಗೆ ತುಂಬಿಸುತ್ತಿದ್ದಾಗ ಗೌಡಶಾನಿ ಕಟ್ಟೆಯ ಮೇಲೆ ಬಂದು ನಿಂತರು. ಆ ವಾರ ಅವರ ಮೊಣಕಾಲು ಬಾತುಕೊಂಡಿತ್ತು. ಒಬ್ಬನೇ ಮಗ ಕಿಡ್ನಿಯಲ್ಲಿ ಕಲ್ಲಾಗಿ ಸೋಲಾಪುರದ ದವಾಖಾನೆ ಸೇರಿದ್ದರೂ ಬಸ್ಸು ಹತ್ತಲಾರದೆ ತಮ್ಮನನ್ನು ಜೊತೆಗೆ ಕಳಿಸಿ ಮನೆಯಲ್ಲಿ ಉಳಿದಿದ್ದರು. ಅವತ್ತು ಮಧ್ಯಾಹ್ನವೇ ಆಪರೇಷನ್.

"ಯಾಕ ತಮ್ಮಾ, ಇಷ್ಟು ಆಳ?"

"ಹಸಿ ಮಣ್ಣ ಸಿಗೋ ತನಕ ಹೋಗಬೇಕ್ರಿ ಅವ್ವಾರೇ."

"ಉಪ್ಪು ಯಾಕ?"

"ಉಪ್ಪು ತಂಪ ಹಿಡೀತದರಿ. ಕರೆಂಟ ದಾರಿ ತಪ್ಪಿ ರ್ಯಾಕಿಗೆ ಬಂತಂದ್ರ ಈ ತಗ್ಗಿನ್ಯಾಗ ಇಳಿದು ಹೋಗಬೇಕು. ಇಲ್ಲಂದ್ರ ನನ್ನ ಮೈಯಾಗ ಇಳೀತದ," ಎಂದು ಮೆಕ್ಯಾನಿಕ್ ನಕ್ಕರು.

ಆಕೆ ನಗಲಿಲ್ಲ. ಬುಟ್ಟಿಯಿಂದ ಜಾರುವ ಬಿಳಿ ಉಪ್ಪನ್ನು ನೋಡುತ್ತ ನಿಂತಿದ್ದು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಮಗನ ಚಿಂತೆ ಎಂದುಕೊಂಡೆ. ಮೆಕ್ಯಾನಿಕ್ ತಂತಿಯನ್ನು ಪೈಪಿಗೆ ಬಿಗಿದು, ಮೀಟರ್ ಹಚ್ಚಿ ನೋಡಿ, ಒಂದು ಕೊಡ ನೀರು ಸುರಿಸಿ, ಮೇಲೆ ಮಣ್ಣು ಎಳೆಸಿದರು. "ಫಸ್ಟ್ ಕ್ಲಾಸ್ ಭೂಮಿ ಅದರಿ ಅಕ್ಕೋರೆ," ಎಂದು ನನಗೆ ಹೇಳಿ ಕೈ ಝಾಡಿಸಿದರು.

ಅಷ್ಟರಲ್ಲಿ ಗುಲಬರ್ಗಾದಿಂದ ಎಂಜಿನಿಯರ್ ಬಂದಿಳಿದರು. ಸಂಜೆಯೊಳಗೆ ಹೊಸ ಸ್ವಿಚ್ ಚಾಲೂ ಆಗಬೇಕು, ಆದಕೂಡಲೇ ನನ್ನ ಬೋರ್ಡು ಬಂದ್. ಬೋರ್ಡಿನ ಮೇಲಿನ ಮಮತೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಸೋಲಾಪುರದ ದವಾಖಾನೆಗೆ ಗೌಡಶಾನಿಯ ಟ್ರಂಕ್ ಕಾಲ್ ಬುಕ್ ಮಾಡಿದ್ದೆ. ಆಪರೇಷನ್ನಿನ ಸುದ್ದಿ ಬರುವ ಮೊದಲೇ ಲೈನು ಕಿತ್ತರೆ ಆ ತಾಯಿಗೆ ಏನು ಹೇಳಲಿ?

ಎಂಜಿನಿಯರು, ಮೆಕ್ಯಾನಿಕ್, ಕೂಲಿಯವರು ಎಲ್ಲರೂ ಖಾನಾವಳಿಗೆ ಊಟಕ್ಕೆ ಹೋದರು. ನಾನು ಬೋರ್ಡು ಬಿಟ್ಟು ಏಳುವಂತಿರಲಿಲ್ಲ. ಹಿತ್ತಲಲ್ಲಿ ಯಾರೋ ಸಲಿಕೆ ಆಡಿಸುವ ಸದ್ದು ಕೇಳಿತು. ಕೂಲಿಯವನೊಬ್ಬ ಉಳಿದು ಬಾಕಿ ಮಣ್ಣು ಎಳೆಯುತ್ತಿರಬೇಕು ಎಂದುಕೊಂಡೆ. ಕಿವಿಯಲ್ಲಿ ಹೆಡ್‌ಫೋನ್, ಎದುರಿಗೆ ಒಂದರ ಮೇಲೊಂದು ಬೀಳುವ ಮುಚ್ಚಳಗಳು. ಪೇಟೆಯ ಹೊತ್ತು ಅದು.

ಅವರು ಮರಳಿ ಬಂದದ್ದು ಮುಂಬಾಗಿಲಿನಿಂದ. ಎಂಜಿನಿಯರಿಗೆ ಅವಸರ. "ಚಾರ್ಜರ್ ಆನ್ ಮಾಡ್ರಿ, ಬ್ಯಾಟರಿ ತುಂಬಲಿ," ಎಂದರು. ಮೆಕ್ಯಾನಿಕ್ ಗೋಡೆಯ ಮೇನ್ ಸ್ವಿಚ್ ಹಾಕಿದರು. ಚಾರ್ಜರು ಗುಂಯ್ ಎಂದಿತು. ಅವರು ಬೆವರಿದ ಮುಖ ತೊಳೆದುಕೊಳ್ಳಲು ಬಾಗಿಲ ಬಳಿಯ ಬಕೆಟ್ಟಿಗೆ ಹೋದರು.

ಅದೇ ಗಳಿಗೆಯಲ್ಲಿ ನನಗೆ ಗುಲಬರ್ಗಾ ಸಿಕ್ಕಿತ್ತು. ಅಲ್ಲಿನ ಆಪರೇಟರ್ ನನ್ನ ಗೆಳತಿ. "ಹೋಲ್ಡ್ ಆನ್, ಸೋಲಾಪುರ ಟ್ರೈ ಮಾಡಾಕತ್ತೇನಿ," ಎಂದಳು. ಕಾಯುತ್ತ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಹಿತ್ತಲ ಗೋಡೆಗೆ ಪೈಪು ಆನಿಕೊಂಡು ನಿಂತಿತ್ತು. ಬೆಳಿಗ್ಗೆ ನೆಲದೊಳಗೆ ಹೋಗಿದ್ದ ಅದೇ ಪೈಪು. ತಗ್ಗು ಮತ್ತೆ ಬಾಯಿ ತೆರೆದಿತ್ತು. ಮಣ್ಣೂರ ಹೊಲದ ಆಳು ತಲೆಯ ಮೇಲೆ ಉಪ್ಪಿನ ಬುಟ್ಟಿ ಹೊತ್ತು ಕೊಟ್ಟಿಗೆಯ ಕಡೆ ನಡೆದಿದ್ದ. ಬಿಚ್ಚಿದ ತಂತಿ ನೆಲದ ಮೇಲೆ ಸುರುಳಿ ಬಿದ್ದಿತ್ತು. ಕಟ್ಟೆಯ ಮೇಲೆ ಗೌಡಶಾನಿ.

ಕಣ್ಣು ಇದನ್ನೆಲ್ಲ ನೋಡಿತು, ತಲೆ ಒಂದು ಗಳಿಗೆ ಸುಮ್ಮನೆ ಇತ್ತು. ತಿರುಗಿದೆ. ಮೆಕ್ಯಾನಿಕ್ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ರ್ಯಾಕಿನ ಮುಂದೆ ಬಂದಿದ್ದರು. ಅವರ ಬಲಗೈ ಅದರ ಬಾಗಿಲಿನ ಹಿಡಿಯ ಕಡೆ ಚಾಚುತ್ತಿತ್ತು.

"ಮುಟ್ಟಬ್ಯಾಡ್ರಿ! ಡೋಂಟ್ ಟಚ್!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅವರ ಕೈ ಗಾಳಿಯಲ್ಲಿ ನಿಂತಿತು. ಬೆರಳ ತುದಿಗೂ ಕಬ್ಬಿಣಕ್ಕೂ ನಡುವೆ ಒಂದು ಎಲೆ ಹಿಡಿಸುವಷ್ಟು ಜಾಗ. ನನ್ನ ಕಿವಿಯಲ್ಲಿ ಗೆಳತಿ ಗಾಬರಿಯಾಗಿ, "ನಾ ಏನೂ ಮುಟ್ಟಿಲ್ಲಲೇ ಮಾರಾಯ್ತಿ! ಯಾರಿಗೆ ಒದರಾಕತ್ತಿ?" ಎನ್ನುತ್ತಿದ್ದಳು.

"ಅರ್ಥಿಂಗ್ ಇಲ್ಲರಿ... ಪೈಪ್ ಹೊರಗ ಅದ," ಎಂದೆ.

ಮೆಕ್ಯಾನಿಕ್ ಕೈಯನ್ನು ಮೆಲ್ಲಗೆ, ಮಲಗಿದ ಹಾವಿನ ಹತ್ತಿರದಿಂದ ತೆಗೆದಂತೆ, ಹಿಂದಕ್ಕೆ ತೆಗೆದರು. ಒಣ ಹಲಗೆಯ ಮೇಲೆ ನಿಂತು, ಕೈ ಒರೆಸಿಕೊಂಡು, ಜೇಬಿನ ಟೆಸ್ಟರ್ ತೆಗೆದು ರ್ಯಾಕಿನ ಒಂದು ಸ್ಕ್ರೂಗೆ ಇಟ್ಟರು. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿತು.

ಅಷ್ಟು ಸಣ್ಣ ದೀಪಕ್ಕೆ ಅಷ್ಟು ಹೆದರಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಎಂಜಿನಿಯರರೇ ಓಡಿ ಮೇನ್ ಸ್ವಿಚ್ ಎಳೆದರು. ಆಮೇಲೆ ಬಿಚ್ಚಿ ನೋಡಿದಾಗ, ಗುಲಬರ್ಗಾದಿಂದ ಬರುವ ದಾರಿಯ ಕುಲುಕಾಟಕ್ಕೆ ಚಾರ್ಜರಿನೊಳಗಿನ ಒಂದು ವೈರು ಸವೆದು, ರ್ಯಾಕಿಗೆ ಬಿಗಿದಿದ್ದ ಅದರ ಮೈಗೆ ತಾಗಿತ್ತು. ತಂತಿ ನೆಲದಲ್ಲಿದ್ದಿದ್ದರೆ ಫ್ಯೂಸ್ ಹಾರಿ ಅಲ್ಲಿಗೇ ಮುಗಿಯುತ್ತಿತ್ತು. ತಂತಿ ಇರದೆ ಇಡೀ ರ್ಯಾಕೇ ಕರೆಂಟು ಹೊತ್ತು, ಸಾಧುವಿನಂತೆ ಸುಮ್ಮನೆ ನಿಂತಿತ್ತು.

ಎಂಜಿನಿಯರು ಹಿತ್ತಲಿಗೆ ನುಗ್ಗಿದರು. "ಯಾರ್ರೀ ಇದನ್ನ ಕಿತ್ತವರು? ಸರ್ಕಾರಿ ಕೆಲಸ ಇದು! ಪೊಲೀಸ್ ಕರಸ್ತೇನಿ! ಒಬ್ಬ ಮನಷ್ಯ ಸಾಯ್ತಿದ್ದ!"

ಆಳು ಬುಟ್ಟಿ ಕೆಳಗಿಟ್ಟು ಕೈ ಮುಗಿದ. "ಅವ್ವಾರು ಹೇಳಿದ್ರಿ ಸಾಹೇಬ್ರ. ಪಂಪಸೆಟ್ಟಿನ ಪಾನಾ ತಗೊಂಡು ನಟ್ ಬಿಚ್ಚಿದೆ."

"ಅವನಿಗಿ ಏನೂ ಅನಬ್ಯಾಡ್ರಿ. ನಾನೇ ತೆಗಸೇನಿ," ಎಂದರು ಗೌಡಶಾನಿ.

"ಯಾಕ್ರಿ?"

ಎಂಜಿನಿಯರು ಎರಡು ಸಲ ಕೇಳಿದರು. ಆಕೆಯ ಕಣ್ಣು ಕೊಟ್ಟಿಗೆಯ ಬಾಗಿಲಲ್ಲಿ ಗುಡ್ಡೆಯಾಗಿದ್ದ ಉಪ್ಪಿನ ಮೇಲಿತ್ತು. ಆಗ ನನಗೆ ಹೊಳೆಯಿತು. ನಾನೂ ಆಕೆಯಂತೆ ಲಿಂಗ ಕಟ್ಟುವ ಮನೆತನದವಳು, ನನ್ನ ಅಜ್ಜನ ಮಣ್ಣಿನ ದಿನ ನೋಡಿದ್ದೆ. ನಮ್ಮಲ್ಲಿ ಸುಡುವುದಿಲ್ಲ. ಆಳದ ಕುಣಿ ತೋಡಿ, ಸತ್ತವರನ್ನು ಕುಳ್ಳಿರಿಸಿ, ಸುತ್ತ ವಿಭೂತಿ, ಉಪ್ಪು ತುಂಬಿ ಮಣ್ಣು ಕೊಡುತ್ತಾರೆ. ಮಗನನ್ನು ಕೊಯ್ಯುವ ದಿನ, ಮನೆಯ ಹಿತ್ತಲಲ್ಲಿ, ಆಳದ ಕುಣಿಗೆ ಬುಟ್ಟಿಗಟ್ಟಲೆ ಉಪ್ಪು ಸುರಿಯುವುದನ್ನು ಆಕೆ ನಿಂತು ನೋಡಿದ್ದರು. ತೋಡಿ ಸಜ್ಜು ಮಾಡಿದ ಕುಣಿ ಖಾಲಿ ಇರುವುದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ಬೇಡ ಎಂದು ಬಾಯಿಬಿಟ್ಟು ಹೇಳಬೇಕಾದರೆ ಆ ಮಾತನ್ನು ನಾಲಿಗೆಯ ಮೇಲೆ ತರಬೇಕು, ತಂದರೆ ಅದು ಮಗನಿಗೆ ತಟ್ಟಬೇಕು. ಹಾಗಾಗಿ ಯಾರಿಗೂ ಏನೂ ಹೇಳದೆ ತೆಗೆಸಿಬಿಟ್ಟಿದ್ದರು.

ನಾನು ಎಂಜಿನಿಯರನ್ನು ಬದಿಗೆ ಕರೆದು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಹೌ ಸ್ಟ್ರೇಂಜ್! ಕನ್ನಡದಲ್ಲಿ ಹೇಳಲು ನನಗೂ ನಾಲಿಗೆ ಏಳಲಿಲ್ಲ. ಅವರು ಹಣೆ ಒರೆಸಿಕೊಂಡು ಪೊಲೀಸರ ಮಾತು ಬಿಟ್ಟರು.

ಮೆಕ್ಯಾನಿಕ್ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತರು. ರ್ಯಾಕಿನ ಕಡೆ ಚಾಚಿದ್ದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. "ಅವ್ವಾರೇ, ನಮ್ಮ ಅವ್ವನೂ ನೆಲೋಗ್ಯಾಗ ನನ್ನ ದಾರಿ ನೋಡ್ಕೋತ ಕುಂತಿರ್ತಾಳರಿ," ಎಂದರು. ಅಷ್ಟೇ.

ಗೌಡಶಾನಿ ಆ ಕೈಯನ್ನು ನೋಡಿದರು. "ನಿನಗ ಹಿಂಗ ಆಗ್ತದಂತ ನನಗ ಗೊತ್ತಿರಲಿಲ್ಲೋ ತಮ್ಮಾ," ಎಂದರು. ಮತ್ತೆ, ಮುಖ ಗಟ್ಟಿ ಮಾಡಿಕೊಂಡು, "ಖರೆ ಇವತ್ತ ಬ್ಯಾಡ. ಸೋಲಾಪುರದ ಸುದ್ದಿ ಬರೋ ತನಕ ಆ ಉಪ್ಪು ಒಳಗ ಬೀಳಬಾರದು. ಬೀಳಸ್ತೀರಂದ್ರ ಮೊದಲ ನನ್ನ ಇಳಸ್ರಿ."

ಎಂಜಿನಿಯರು ಗಡಿಯಾರ ನೋಡಿಕೊಂಡರು, ನನ್ನನ್ನು ನೋಡಿದರು. ಬೋರ್ಡು ಇನ್ನೂ ಜೀವಂತವಿತ್ತು.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಹೇಳಲಾರೆ. ಗೌಡಶಾನಿ ಪಡಸಾಲೆಗೆ ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ, ಬಾತ ಕಾಲು ಚಾಚಿ ಕೂತರು. ಎಂಜಿನಿಯರು ಸಿಗರೇಟಿನ ಮೇಲೆ ಸಿಗರೇಟು. ಗುಲಬರ್ಗಾ ಸಿಕ್ಕರೆ ಸೋಲಾಪುರ ಎಂಗೇಜ್. ಸೋಲಾಪುರ ಸಿಕ್ಕರೆ ದವಾಖಾನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಮರಾಠಿಯಲ್ಲಿ "ಥಾಂಬಾ", ತಡೀರಿ, ಎಂದು ಇಟ್ಟುಬಿಡುತ್ತಾರೆ. ಪ್ರತಿ ಸಲವೂ ಆಕೆ ನನ್ನ ಮುಖ ನೋಡುವುದು, ನಾನು ಇಲ್ಲವೆಂದು ತಲೆಯಾಡಿಸುವುದು. ನನ್ನ ಗೆಳತಿ ಅಲ್ಲಿ ಬೇರೆಯವರ ಕರೆಗಳನ್ನೆಲ್ಲ ತಡೆದು ಲೈನು ಹಿಡಿದುಕೊಂಡಿದ್ದಳು. ಕಡೆಗೆ ಬಿಸಿಲು ಇಳಿಯುವಾಗ ಜೊತೆಗೆ ಹೋಗಿದ್ದ ಗೌಡಶಾನಿಯ ತಮ್ಮನ ದನಿ ಸಿಕ್ಕಿತು, ದೂರದ ಬಾವಿಯೊಳಗಿಂದ ಬಂದ ಹಾಗೆ. ನಾನು ಹೆಡ್‌ಫೋನ್ ತೆಗೆದು ಗೌಡಶಾನಿಯ ಕಿವಿಗೇ ಹಿಡಿದೆ.

ಆಕೆ ಕೇಳಿದರು. ಕೇಳಿ ಮುಗಿಸಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದರು. "ಕಣ್ಣ ತೆಗದಾನಂತ," ಎಂದರು. "ನೀರು ಕೇಳ್ಯಾನಂತ." ಮೆಕ್ಯಾನಿಕ್ ಬಾಗಿಲಲ್ಲಿ ನಿಂತೇ ದುವಾ ಮುಗಿಸಿದವರಂತೆ ಎರಡೂ ಕೈಯಿಂದ ಮುಖ ಸವರಿಕೊಂಡರು.

ಮಾರನೆಯ ದಿನ ತಗ್ಗು ಮತ್ತೆ ತುಂಬಿತು. ಉಪ್ಪಿನ ಮೊದಲ ಬುಟ್ಟಿ ಇಳಿಯುವಾಗ ಗೌಡಶಾನಿ ಹೊರಗೆ ಬರಲಿಲ್ಲ, ಒಳಗಿನಿಂದ ಬಾಗಿಲ ಚಿಲಕ ಹಾಕಿಕೊಂಡರು. ಮೊದಲು ಭೂಮಿ, ಆಮೇಲೆ ಕರೆಂಟು. ಹೊಸ ಚಾರ್ಜರ್ ಬಂತು, ರ್ಯಾಕಿನ ದೀಪಗಳು ಮಿನುಗಿದವು, ನನ್ನ ಬೋರ್ಡನ್ನು ಗೋಣಿಯಲ್ಲಿ ಕಟ್ಟಿ ಒಯ್ದರು. ಸ್ವಲ್ಪ ದಿನ ಅಲ್ಲೇ ಗುಮಾಸ್ತೆಯ ಕೆಲಸ ಮಾಡಿದೆ, ಆಮೇಲೆ ಆಳಂದಕ್ಕೆ ಟ್ರಾನ್ಸ್‌ಫರ್ ಆಯಿತು. ಅಷ್ಟೊತ್ತಿಗೆ ಮಗ ಗಟ್ಟಿಯಾಗಿ ಹೊಲಕ್ಕೆ ಹೋಗಿ ಬರುತ್ತಿದ್ದ.

ಹೊರಡುವ ಬೆಳಿಗ್ಗೆ ಅವನೇ ನನ್ನ ಟ್ರಂಕು ಎತ್ತಿಕೊಡಲು ಬಂದ. ನನ್ನ ಕೋಣೆಯಿಂದ ಹಿತ್ತಲು ದಾಟಿದರೆ ರಸ್ತೆ, ಅಲ್ಲೇ ಟಾಂಗಾ ನಿಂತಿತ್ತು. ಅವನು ಹೆಗಲ ಮೇಲೆ ಟ್ರಂಕು ಹೊತ್ತು ಹಿತ್ತಲ ಕಡೆ ತಿರುಗಿದ್ದೇ ತಡ, ಗೌಡಶಾನಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಅಡ್ಡ ನಿಂತರು.

"ಮುಂಬಾಗಲಿಂದ ಸುತ್ತಿ ಹೋಗು."

"ಎವ್ವಾ, ಭಾರ ಅದ. ಇಲ್ಲೇ ನಾಕು ಹೆಜ್ಜಿ ಅದ."

"ಸುತ್ತಿ ಹೋಗು ಅಂದೆ."

ಅವನು ನನ್ನ ಕಡೆ ನೋಡಿ, ಸೋತವನಂತೆ ನಕ್ಕು, ಟ್ರಂಕು ಹೊತ್ತು ಇಡೀ ವಾಡೆ ಸುತ್ತಲು ಹೋದ. ನಾನು ಮಾತ್ರ ಹಿತ್ತಲಿನಿಂದಲೇ ದಾಟಿದೆ, ನನ್ನನ್ನು ಆಕೆ ತಡೆಯಲಿಲ್ಲ. ಟಾಂಗಾ ಹತ್ತಿ ತಿರುಗಿ ನೋಡಿದಾಗ, ಆಕೆ ಇನ್ನೂ ಅಲ್ಲೇ ಇದ್ದರು. ಕೈಯ ಹಿಟ್ಟು ಒಣಗುತ್ತಿತ್ತು. ಮಗ ಹೋದ ದಾರಿಗೂ ಆ ತಗ್ಗಿಗೂ ನಡುವೆ, ಬೆನ್ನನ್ನು ತಗ್ಗಿನ ಕಡೆ ಮಾಡಿ, ಅವನು ವಾಡೆ ಸುತ್ತಿ ಬಂದು ಟಾಂಗಾ ಮುಟ್ಟುವ ತನಕ ಕದಲದೆ ನಿಂತಿದ್ದರು. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ.