ಗಾಳಿ ನೋಡಿ ಬೆಂಕಿ ಇಡುವ ಮಾಳಮ್ಮ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲು ಕಾಸಿದ್ದೇನೆ, ಇಬ್ಬರಿಗಾಗುವಷ್ಟು. ಲೋಟ ಹಿಡಿದು ಹಿತ್ತಲಿನ ಕೋಟೆಗೋಡೆಯ ಬಳಿ ನಿಂತರೆ ಕೆಳಗೆ ಕಣಿವೆಯಲ್ಲಿ ಸುಣ್ಣದ ಭಟ್ಟಿ ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಹೆಂಗಸು. ಮೊರದಿಂದ ಏನನ್ನೋ ತೂರುತ್ತಾಳೆ, ಮುಖ ಎತ್ತಿ ನಮ್ಮ ಗೋಡೆಯನ್ನೇ ನೋಡುತ್ತಾಳೆ. ಬೆಂಕಿ ಇಡುವುದಿಲ್ಲ.

ನಾನು ಇಳಿದು ಹೋಗುತ್ತೇನೆ.

ಮಾಳಮ್ಮನಿಗೆ ಐವತ್ತರ ಆಸುಪಾಸು. ಗಂಡ ಶಿವರಾಯ ಸತ್ತ ಮೇಲೆ ಹದಿನೆಂಟು ವರ್ಷದಿಂದ ಭಟ್ಟಿಯ ಕೆಲಸ ಅವಳದೇ. ಒಂದು ಸಲಕ್ಕೆ ಇನ್ನೂರು ಬುಟ್ಟಿ ಕಲ್ಲು ತುಂಬಬೇಕು. ಬೆಂಕಿ ಇಟ್ಟರೆ ಮೂರು ದಿನ ಉರಿ. ಮೊದಲ ನಾಲ್ಕು ತಾಸಿನ ಹೊಗೆಯೇ ಕೆಟ್ಟದ್ದು.

ಚಿಂಚೋಳಿ ಸೀಮೆಯ ನಮ್ಮ ಪೇಟೆ ಗುಡ್ಡದ ನೆತ್ತಿಯ ಮೇಲಿದೆ. ಎತ್ತರದಲ್ಲಿ ಗಾಳಿ ಚೊಕ್ಕಟ ಎಂದು ಕೆಳಗಿನ ಊರಿನವರು ತಿಳಿಯುತ್ತಾರೆ. ಬೇಸಿಗೆಯಲ್ಲಿ ಅದು ನಿಜ, ಗಾಳಿ ಹೊಗೆಯನ್ನು ನಿಲ್ಲಗೊಡುವುದಿಲ್ಲ. ಮಳೆಗಾಲದಲ್ಲಿ ಭಟ್ಟಿಯೇ ಇಲ್ಲ. ಚಳಿಗಾಲದ, ಅಂದರೆ ಈಗಿನ, ಕತೆ ಬೇರೆ.

“ಚಳ್ಯಾಗ ಹೊಗಿ ಇಲ್ಲೇ ತಳದಾಗ ಕುಂದ್ರತದ್ರೀ, ಬಾಯಾರ. ಬಿಸಲು ಬಿತ್ತಂದ್ರ ಏಳ್ತದ. ಈ ಕಣಿವಿ ದರಿ ಹಿಡಕೊಂಡು ನಿಮ್ಮ ಸಾಲಿಗೇ ಬರ್ತದ, ಹಾಜರಿ ಹಾಕ್ಸಾಕ.”

ಹೈದರಾಬಾದಿನ ಕಾಲೇಜಿನಲ್ಲಿ ನಾನು ಓದಿದ್ದು ಭೂಗೋಳ. ಕಣಿವೆಯ ತಂಪು ಗಾಳಿಯ ಬಗ್ಗೆ ಒಂದು ಪಾಠವಿತ್ತು, ಅದರಲ್ಲಿ ಒಳ್ಳೆಯ ಅಂಕ ಬಂದಿದ್ದವು.

ಎರಡು ವರ್ಷದ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ಹೊಗೆ ಶಾಲೆಯೊಳಗೆ ತುಂಬಿ, ಕೆಮ್ಮುವ ಮಕ್ಕಳನ್ನೆಲ್ಲ ಮನೆಗೆ ಕಳಿಸಬೇಕಾಯಿತು. ಮಾಸ್ತರು ಸಿಟ್ಟಿನಿಂದ ಭಟ್ಟಿಗೆ ಇಳಿದು ಬಂದರು. ಆ ಮಾಸ್ತರು ಅಮೃತಪ್ಪ, ನನ್ನ ಗಂಡ. ವಿಷಮಜ್ವರದಲ್ಲಿ ತೀರಿಕೊಂಡು ಇವತ್ತಿಗೆ ಹತ್ತು ದಿನ.

“ಭಾಳ ಬೈದ್ರು. ನಾ ಅಂದೆ, ಹೊಟ್ಟು ತೂರಿದ್ರ ನಂಗ ತಿಳಿಯೋದು ನನ್ನ ಕಾಲಬುಡದ ಗಾಳಿ. ಮ್ಯಾಲಿನ ಗಾಳಿ ನಂಗ್ಯಾರು ಹೇಳ್ಬೇಕು? ಮರುದಿನ ಗ್ವಾಡಿ ಮ್ಯಾಲ ತಮ್ಮ ಧೋತ್ರ ಕಟ್ಟಿದ್ರು. ಬಿಳೇದು ಮಂಜಿನಾಗ ಕಾಣಂಗಿಲ್ರೀ ಅಂತ ನನ್ನ ಕೆಂಪ ಸೀರಿ ಕೊಟ್ಟೆ.”

ಅಂದಿನಿಂದ ಆ ಸೀರೆಯೇ ಗುರುತು. ಸೀರೆ ಕಣಿವೆಯ ಕಡೆ ಹಾರಿದರೆ ಹೊಗೆ ಊರಿನಿಂದ ದೂರ ಹೋಗುತ್ತದೆ, ಆಗ ಬೆಂಕಿ. ಊರ ಕಡೆ ಹಾರಿದರೆ, ಇಲ್ಲವೆ ಗೋಡೆಗೆ ಅಂಟಿಕೊಂಡಿದ್ದರೆ, ಕಾಯುವುದು. ಸಾವಿನ ದಿನ ಯಾರೋ ಅದನ್ನು ಬಿಚ್ಚಿ ಮಡಚಿ ಒಳಗಿಟ್ಟಿದ್ದಾರೆ. ಹತ್ತು ದಿನದಿಂದ ಮಾಳಮ್ಮನ ಭಟ್ಟಿ ಕಲ್ಲು ತುಂಬಿಕೊಂಡು ತಣ್ಣಗಿದೆ.

ನಾವು ಮಾತಾಡುತ್ತಿರುವಾಗಲೇ ಭಟ್ಟಿಯ ಗುತ್ತೇದಾರ ಬಸವಂತರಾಯರು ಬರುತ್ತಾರೆ.

“ಏನ್ ಮಾಳವ್ವ, ಭಟ್ಟಿಗೂ ಮುಹೂರ್ತ ನೋಡಾಕತ್ತಿ? ಪಂಚಾಂಗ ತರಿಸ್ಲೇನು?”

“ನನ್ನ ಪಂಚಾಂಗ ಗ್ವಾಡಿ ಮ್ಯಾಲಿತ್ರೀ, ಧಣಿ. ನೀವು ತಲಿ ಎತ್ತಿ ನೋಡಿದವರಲ್ಲ.”

ಅವರು ನಗುತ್ತಾರೆ. ನಗುತ್ತಲೇ ಹೇಳುತ್ತಾರೆ, ನಾಳೆ ಬೆಂಕಿ ಬೀಳದಿದ್ದರೆ ಭಟ್ಟಿ ಸಂಗಣ್ಣನಿಗೆ. ಸಂಗಣ್ಣನೂ ಸುಣ್ಣ ಸುಡುವವನೇ, ಆದರೆ ಗಾಳಿ ನೋಡುವವನಲ್ಲ.

ಅವರು ಹೋದ ಮೇಲೆ, ಮಾಸ್ತರು ಸತ್ತರೆಂದು ಕೆಲಸ ಯಾಕೆ ನಿಲ್ಲಿಸಿದಿರಿ ಎಂದು ಕೇಳುತ್ತೇನೆ.

“ನಿಲ್ಸಿಲ್ರೀ. ನಿಮ್ಮ ಮನಿ ತುಂಬ ಮಂದಿ, ಅಳಾಕತ್ತಿದ್ರು. ಗಾಳಿ ತಿಳೀದಾಂಗ ಅವರ ಮ್ಯಾಗ ಹೊಗಿ ಹ್ಯಾಂಗ ಬಿಡ್ಲಿ?” ಮೊರ ಕೊಡವುತ್ತಾಳೆ. “ನಂಗೇನೂ ಬ್ಯಾಡ. ಮ್ಯಾಲ ಒಂದು ಅರಿವಿ ಇದ್ರ ಸಾಕು.”

ಮರುದಿನ ಹೊತ್ತು ಏರುವ ಮೊದಲೇ ಮತ್ತೆ ಇಳಿಯುತ್ತೇನೆ. ಮಾಳಮ್ಮ ಕೊಳ್ಳಿ ಹೊತ್ತಿಸಿ ಹಿಡಿದು, ಹುಬ್ಬಿಗೆ ಕೈ ಅಡ್ಡ ಇಟ್ಟು ಮೇಲೆ ನೋಡುತ್ತಿದ್ದಾಳೆ. ಗೋಡೆಯ ಮೇಲೆ ಕೆಂಪು ಬಟ್ಟೆ ಕಣಿವೆಯ ಕಡೆಗೆ ಹಾರುತ್ತಿದೆ. ನನ್ನ ಕೈಯಲ್ಲಿರುವುದನ್ನು ಕಂಡು ಅವಳು ಕೊಳ್ಳಿ ಇಡದೆ ನಿಲ್ಲುತ್ತಾಳೆ.

“ನನ್ನ ಸೀರಿ ನಿಮ್ಮ ಕೈಯಾಗದ. ಮ್ಯಾಲಿಂದು ಯಾರದು, ಬಾಯಾರ?”

“ನನ್ನದು,” ಎನ್ನುತ್ತೇನೆ. “ಇದು ಮಾಸ್ತರು ನಿಮ್ಮಿಂದ ಇಸಕೊಂಡದ್ದು.”

ಅವಳು ಮೇಲೊಮ್ಮೆ ನೋಡುತ್ತಾಳೆ, ನನ್ನ ಬಿಳಿ ಸೀರೆಯನ್ನೊಮ್ಮೆ. ಕೊಳ್ಳಿಯನ್ನು ಭಟ್ಟಿಯ ಬಾಯಿಗಿಟ್ಟು, ಕೈಗಳನ್ನು ಸೆರಗಿಗೆ ಒರೆಸಿಕೊಂಡು ಚಾಚುತ್ತಾಳೆ. ಅವಳ ಸೀರೆಯನ್ನು ಅವಳಿಗೆ ಕೊಡುತ್ತೇನೆ.